ರಸ್ತೆ ಬದಿಯ ಮಾವಿನ ಮರ ಹೋಯ್ತು, ಮೇಲಿದ್ದ ಸೀತಾಳೆ ದಂಡೆ ಲೆಕ್ಕಕ್ಕೇ ಬರಲಿಲ್ಲ

ಬೆಟ್ಟದಹಾದಿ:
ನಮ್ಮದು ಶಿರಸಿ ಕಡೆ ಒಂದು ಸಣ್ಣ ಊರು. ಹೋದ ವಾರ ಊರ ರಸ್ತೆ ಅಗಲ ಮಾಡುವ ಕೆಲಸ ಶುರುವಾಯಿತು. ಬಸ್ ಸ್ಟಾಪಿನ ಪಕ್ಕದ ಹಳೇ ಮಾವಿನ ಮರ ಮೊದಲ ದಿನವೇ ಉರುಳಿತು. ಇಬ್ಬರು ತಬ್ಬಿದರೂ ಕೈಗೆ ಕೈ ಸಿಗದಂಥ ಮರ. ಸಂಜೆ ಡೈರಿಗೆ ಹಾಲು ಹಾಕಿ ಬರುವಾಗ ನಿಂತು ನೋಡಿದೆ. ಬಿದ್ದ ಕೊಂಬೆಗಳ ಮೇಲೆಲ್ಲ ಸೀತಾಳೆ ದಂಡೆ, ಮರದ ಮೇಲೆ ಬೆಳೆಯುವ ಆರ್ಕಿಡ್ ಗಿಡ. ಎಣಿಸಿದೆ, 14 ಬುಡ ಇದ್ದವು. ಐದಾರರಲ್ಲಿ ಹೂವು ಇಳಿಬಿದ್ದಿತ್ತು, ಅರ್ಧ ಅರಳಿದ್ದು, ಅರ್ಧ ಮೊಗ್ಗು. ಇಷ್ಟು ವರ್ಷ ಕತ್ತೆತ್ತಿ ನೋಡಿದ ಹೂವನ್ನು ಮೊದಲ ಸಲ ಬಗ್ಗಿ ನೋಡಿದೆ. ಒಂದರ ಮೇಲೆ ಜೆಸಿಬಿ ಚಕ್ರ ಹಾದುಹೋಗಿತ್ತು.

ಕತ್ತಲಾಗುವುದರೊಳಗೆ ಒಂಬತ್ತು ಬುಡ ಬಿಡಿಸಿಕೊಂಡು ಬಂದೆ. ಉಳಿದವು ಕೊಂಬೆಯ ಅಡಿಗೆ ಸಿಕ್ಕಿಕೊಂಡಿದ್ದವು. ಬೆಳಿಗ್ಗೆ ಹೋಗುವಷ್ಟರಲ್ಲಿ ದಿಮ್ಮಿಯೆಲ್ಲ ಲಾರಿ ಹತ್ತಿಯಾಗಿತ್ತು.

ಹೊಟ್ಟೆ ಉರಿದದ್ದು ಇನ್ನೊಂದಕ್ಕೆ. ಕಡಿಯುವ ಮರಗಳಿಗೆಲ್ಲ ಬಣ್ಣದಲ್ಲಿ ನಂಬರ್ ಬರೆದಿದ್ದಾರೆ. ನಮ್ಮ ಮಾವಿನದು 212. ಪಟ್ಟಿ ಕೇಳಿ ನೋಡಿದೆ. ಮರದ ಜಾತಿ ಇದೆ, ಸುತ್ತಳತೆ ಇದೆ, ಎತ್ತರ ಇದೆ. ಮರದ ಮೇಲೆ ಏನಿದೆ ಅಂತ ಬರೆಯಲು ಜಾಗವೇ ಇಲ್ಲ. ಸರ್ಕಾರದ ಕಣ್ಣಿಗೆ ಮರ ಅಂದರೆ ದಿಮ್ಮಿ, ಅಷ್ಟೇ.

ಇನ್ನೂ ಸುಮಾರು ಎರಡು ಕಿಲೋಮೀಟರ್ ಉದ್ದ ಮರ ನಿಂತಿವೆ. ಮಾವು, ಹಲಸು, ನೇರಳೆ, ಮತ್ತಿ. ಅವುಗಳ ಮೇಲಿನದನ್ನು ಉಳಿಸಿಕೊಳ್ಳಲು ದಾರಿ ಇದೆಯಾ? ಮತ್ತೆ ಈ ಗಿಡಕ್ಕೆ ಕಾನೂನಿನ ರಕ್ಷಣೆ ಅಂತ ಏನಾದರೂ ಇದೆಯಾ? ಗೊತ್ತಿದ್ದವರು ಹೇಳಿ.

ಸುಮ್ನೆಕೇಳ್ದೆ:
ಬೇಜಾರಾಗಬೇಡಿ, ಒಂದು ಅನುಮಾನ. ಇದು ಮರದ ರಸ ಹೀರುವ ಗಿಡ ಅಲ್ವಾ? ನಮ್ಮಜ್ಜ ಬಂದಳಿಕೆ ಅಂತ ಬೈದು ಕತ್ತಿಯಲ್ಲಿ ಕೆರೆಸಿ ಹಾಕುತ್ತಿದ್ದರು. ಮಾವಿನ ಫಸಲು ಕಡಿಮೆಯಾಗುತ್ತೆ ಅಂತ.

ಸಸ್ಯಮೇಷ್ಟ್ರು:
ಕೇಳಿದ್ದು ಒಳ್ಳೆಯದಾಯ್ತು. ಈ ತಪ್ಪು ತಿಳಿವಳಿಕೆಯಿಂದ ಸತ್ತ ಗಿಡಗಳಿಗೆ ಲೆಕ್ಕವಿಲ್ಲ. ಬಂದಳಿಕೆ ಬೇರೆ, ಮರಬಾಳೆ ಅಂದರೆ ಸೀತಾಳೆಯಂಥ ಮರದ ಮೇಲಿನ ಆರ್ಕಿಡ್ ಬೇರೆ. ಬಂದಳಿಕೆ ಕೊಂಬೆಯೊಳಕ್ಕೇ ಬೇರು ಇಳಿಸಿ ಮರದ ನೀರು ಕುಡಿಯುತ್ತದೆ. ಅದು ಹಿಡಿದ ಕಡೆ ಕೊಂಬೆ ಗಂಟು ಕಟ್ಟಿ ಊದಿಕೊಳ್ಳುತ್ತದೆ. ಸೀತಾಳೆ ದಂಡೆ ಮರದ ಮೇಲೆ ಬರೀ ಕೂತಿರುತ್ತದೆ, ಬಾಡಿಗೆ ಮನೆಯವರ ಹಾಗೆ. ತೊಗಟೆಯ ಸಂದಿಯ ಧೂಳು, ಕೊಳೆತ ಎಲೆ, ಮಳೆನೀರು, ಮಂಜು ಇವೇ ಅದಕ್ಕೆ ಊಟ.

ಮನೆ ಹತ್ತಿರ ಗಿಡವಿದ್ದರೆ ಒಂದು ಕೆಲಸ ಮಾಡಿ. ದಪ್ಪ ಬಿಳಿ ಬೇರು ಹೊರಗೆ ತೂಗಾಡುತ್ತಿರುತ್ತದಲ್ಲ, ಅದಕ್ಕೆ ಒಂದು ಚೊಂಬು ನೀರು ಹಾಕಿ. ಕ್ಷಣದಲ್ಲಿ ಬಿಳಿ ಹೋಗಿ ಹಸಿರಾಗುತ್ತದೆ. ಬೇರಿನ ಸುತ್ತ ಸ್ಪಂಜಿನಂಥ ಪದರವಿದೆ. ಅದು ನೀರು ಹೀರಿಕೊಂಡಾಗ ಒಳಗಿನ ಹಸಿರು ಕಾಣುತ್ತದೆ.

ಸುಮ್ಮನೆ ಒಂದು ವಿಷಯ. ವಾಂಡಾ ಅಂತ ಆರ್ಕಿಡ್ ಗುಂಪಿಗೆ ಹೆಸರಿದೆಯಲ್ಲ, ಅದು ಬಂದದ್ದು ಸಂಸ್ಕೃತದ ವಂದಾ ಪದದಿಂದ. ಆ ಪದಕ್ಕೆ ಮರದ ಮೇಲೆ ಬದುಕುವ ಪರಾವಲಂಬಿ ಎಂಬ ಅರ್ಥವೂ ಇದೆ. ಅಂದರೆ ನಿಮ್ಮಜ್ಜನ ತಪ್ಪು ಬಹಳ ಹಳೆಯದು, ಅವರನ್ನು ಬೈಯಬೇಡಿ.

ಬಾಲ್ಕನಿತೋಟ:
ನಾನು ಬೆಂಗಳೂರಿನವಳು. ಒಂದು ತಪ್ಪು ಒಪ್ಪಿಕೊಳ್ಳಬೇಕು. ಮೂರು ವರ್ಷದ ಹಿಂದೆ ಘಟ್ಟದ ದಾರಿಯಲ್ಲಿ ಒಬ್ಬರು ಬುಟ್ಟಿಯಲ್ಲಿ ಇಟ್ಟುಕೊಂಡು ಮಾರುತ್ತಿದ್ದರು. ಹೂ ಬಿಟ್ಟ ಗಿಡ, 150 ರೂಪಾಯಿ. ಎರಡು ತಂದೆ. ಬೇರಿಗೆ ತೊಗಟೆ ಚೂರು ಅಂಟಿಕೊಂಡೇ ಇತ್ತು. ಕೀಳುವಾಗ ಅರ್ಧ ಬೇರು ಹರಿದಿತ್ತು. ಆಗ ಅದೆಲ್ಲ ನನಗೆ ಹೊಳೆಯಲೇ ಇಲ್ಲ. ಕುಂಡದಲ್ಲಿ ಕೆಂಪು ಮಣ್ಣು ಹಾಕಿ ನೆಟ್ಟೆ, ದಿನಾ ನೀರು. ಹೂ ಒಂದು ವಾರ ಇತ್ತು. ಆಮೇಲೆ ಬುಡ ಕೊಳೆಯಿತು. ಇನ್ನೊಂದನ್ನು ಗ್ರಿಲ್‌ಗೆ ಕಟ್ಟಿದೆ. ಅದು ಬೇಸಿಗೆಯಲ್ಲಿ ಒಣಗಿ ಹಗ್ಗದ ಹಾಗಾಯ್ತು.

ಆಮೇಲೆ ಗೊತ್ತಾದದ್ದು: ನರ್ಸರಿಯ ಗಿಡದ ಬೇರು ಕುಂಡದೊಳಗೆ ಸುತ್ತಿಕೊಂಡು ಬೆಳೆದಿರುತ್ತದೆ, ಎಲೆ ನೀಟಾಗಿರುತ್ತದೆ. ಕಾಡಿನದಾದರೆ ಎಲೆಯಲ್ಲಿ ಹುಳು ತಿಂದ ಗುರುತು, ಬೇರು ಚಪ್ಪಟೆ, ತುದಿ ಮುರಿದಿರುತ್ತದೆ. ಈಗ ವಾಟ್ಸಾಪ್ ಗುಂಪುಗಳಲ್ಲೂ 'ಅಪರೂಪದ ಮಲೆನಾಡು ಆರ್ಕಿಡ್' ಅಂತ ಫೋಟೋ ಬರುತ್ತೆ. ಹಿಗ್ಗಿಸಿ ನೋಡಿದರೆ ತೊಗಟೆ ಕಾಣುತ್ತೆ.

ಮೂಡಿಗೆರೆಕಾಫಿ:
ಬೆಟ್ಟದಹಾದಿಯವರೇ, ನಿಮ್ಮ ಸಿಟ್ಟು ಸರಿ. ಆದರೆ ಎಲ್ಲವನ್ನೂ ರಸ್ತೆಯ ತಲೆಗೆ ಕಟ್ಟಬೇಡಿ. ನಾನು ಬೆಳೆಗಾರ, ನಮ್ಮ ಮನೆಯ ಕಥೆ ಹೇಳುತ್ತೇನೆ.

ಅಪ್ಪನ ಕಾಲದಲ್ಲಿ ತೋಟದ ನೆರಳಿಗೆ ಕಾಡುಮರಗಳೇ ಇದ್ದವು. ಅತ್ತಿ, ಹಲಸು, ಹೊನ್ನೆ, ನೇರಳೆ. ಮೇ ತಿಂಗಳಲ್ಲಿ ಕಾಫಿ ಗಿಡದ ಮೇಲೆ ಸೀತಾಳೆ ಹೂವಿನ ಎಸಳು ಉದುರಿರುತ್ತಿತ್ತು. ಕಾಫಿ ರೇಟು ಬಿದ್ದಾಗ ಕರಿಮೆಣಸಿನ ಕಡೆ ತಿರುಗಿದೆವು. ಮೆಣಸಿನ ಬಳ್ಳಿ ಹಬ್ಬಿಸಲು ನೆಟ್ಟಗಿನ ಮರ ಬೇಕು, ಬೇಗ ಬೆಳೆಯಬೇಕು, ಮಾರುವಾಗ ಪರ್ಮಿಟ್ ತಲೆನೋವು ಕಡಿಮೆ ಇರಬೇಕು. ಹಾಗೆ ಸಿಲ್ವರ್ ಓಕ್ ಬಂತು. ನಮ್ಮ ಸಿಲ್ವರ್ ಓಕ್ ಸಾಲಿನಲ್ಲಿ ಒಂದು ಸೀತಾಳೆ ಬುಡ ತೋರಿಸಿದವರಿಗೆ ಊಟ ಹಾಕಿಸುತ್ತೇನೆ.

ಉಳಿದ ಕಾಡುಮರಕ್ಕೂ ನೆಮ್ಮದಿಯಿಲ್ಲ. ಪ್ರತಿ ವರ್ಷ ಮರಗಸಿ. ಆಳು ಮೇಲೆ ಹತ್ತಿ ಕೊಂಬೆ ಇಳಿಸುತ್ತಾನೆ. ಗಿಡ ಇರುವುದೂ ಅದೇ ಕೊಂಬೆಯಲ್ಲಿ. ಕಾಂಡದ ಮೇಲಿನ ಪಾಚಿ, ಮರಬಾಳೆ ಎಲ್ಲ ಕೆರೆದು ಮೆಣಸು ಹಬ್ಬಿಸುತ್ತೇವೆ. ಮಳೆಗಾಲದ ಮುಂಚೆ ಬೋರ್ಡೋ, ಅಂದರೆ ಮೈಲುತುತ್ತು ಸುಣ್ಣದ ದ್ರಾವಣ, ಹೊಡೆಯುತ್ತೇವೆ. ಮೈಲುತುತ್ತು ಶಿಲೀಂಧ್ರವನ್ನು ಸಾಯಿಸಲಿಕ್ಕೇ ಇರುವುದು. ಮರಬಾಳೆ ಬೀಜಕ್ಕೆ ಶಿಲೀಂಧ್ರ ಬೇಕಂತಲ್ಲ, ಮೇಷ್ಟ್ರೇ? ಹಾಗಾದರೆ ನಮ್ಮ ತೋಟದಲ್ಲಿ ಹೊಸ ಸಸಿ ಕಾಣದೇ ಇರುವುದಕ್ಕೆ ಅದೂ ಕಾರಣವಾ ಅಂತ ನನ್ನ ತಲೆಯಲ್ಲಿ ಕೊರೆಯುತ್ತಿದೆ.

ಸಸ್ಯಮೇಷ್ಟ್ರು:
ಬೋರ್ಡೋ ವಿಷಯದಲ್ಲಿ ನಿಮ್ಮ ಅನುಮಾನಕ್ಕೆ ಅರ್ಥವಿದೆ. ಬೀಜದ ಕಥೆ ಹೇಳುತ್ತೇನೆ.

ಆರ್ಕಿಡ್‌ನ ಒಂದು ಕಾಯಿಯಲ್ಲಿ ಸಾವಿರಗಟ್ಟಲೆ ಬೀಜ. ಕೆಲವು ಜಾತಿಗಳಲ್ಲಿ ಲಕ್ಷಗಟ್ಟಲೆ. ಕಾಯಿ ಒಡೆದಾಗ ನೋಡಿದರೆ ರಾಗಿ ಹಿಟ್ಟಿಗಿಂತ ನುಣ್ಣಗಿನ ಪುಡಿ. ಗಾಳಿಗೆ ಹಾರಿಹೋಗುತ್ತದೆ. ಆದರೆ ಅದರೊಳಗೆ ಬುತ್ತಿ ಇಲ್ಲ. ಹುರುಳಿ ಬೀಜಕ್ಕೆ, ಭತ್ತಕ್ಕೆ ಮೊಳೆಯುವಾಗ ತಿನ್ನಲು ಒಳಗೇ ಆಹಾರ ಇರುತ್ತದೆ. ಆರ್ಕಿಡ್ ಬೀಜ ಬರಿಗೈಯಲ್ಲಿ ಹೊರಡುತ್ತದೆ. ಬಿದ್ದ ಜಾಗದಲ್ಲಿ ಸರಿಯಾದ ಶಿಲೀಂಧ್ರ ಸಿಕ್ಕಿ, ಅದು ಊಟ ಕೊಟ್ಟರೆ ಮಾತ್ರ ಮೊಳಕೆ. ಅದಕ್ಕೇ ಲಕ್ಷ ಬೀಜ ಹಾರಿದರೂ ಉಳಿಯುವುದು ಬೆರಳೆಣಿಕೆ. ಉಳಿದದ್ದೂ ಹೂ ಬಿಡಲು ವರ್ಷಗಟ್ಟಲೆ ಬೇಕು. ಹೂ ಬಿಟ್ಟರೂ ಎಲ್ಲ ಹೂವು ಕಾಯಿ ಕಟ್ಟುವುದಿಲ್ಲ. ಒಂದು ದಂಡೆಯಲ್ಲಿ ನೂರು ಹೂ ಇದ್ದರೆ ನಾಲ್ಕೈದು ಕಾಯಿ ನೋಡಿದ ನೆನಪು ನನಗೆ.

ಈಗ ಬೆಟ್ಟದಹಾದಿಯವರ ಮರ 212ಕ್ಕೆ ಬನ್ನಿ. ಅಲ್ಲಿ 14 ಬುಡ ಇತ್ತು ಅಂದರೆ ಅದು ಬಹಳ ವರ್ಷ ಕೂಡಿಟ್ಟ ಗಂಟು. ತೊಗಟೆ ಒರಟಾಗಬೇಕು, ಸಂದಿಯಲ್ಲಿ ಕಸ ಸೇರಬೇಕು, ಪಾಚಿ ಹಿಡಿಯಬೇಕು, ಶಿಲೀಂಧ್ರ ನೆಲೆಯಾಗಬೇಕು. ಪರಿಹಾರ ಅಂತ ಹತ್ತು ಸಸಿ ನೆಡುತ್ತಾರಲ್ಲ, ಅವು ಬದುಕಿದರೂ ಮರಬಾಳೆಗೆ ಮನೆಯಾಗುವ ಹೊತ್ತಿಗೆ ನಾವ್ಯಾರೂ ಇರುವುದಿಲ್ಲ. ಅಕೇಶಿಯಾ ನೆಟ್ಟರಂತೂ ಕೇಳುವುದೇ ಬೇಡ.

ಸುಮ್ನೆಕೇಳ್ದೆ:
ಸರಿ, ಹಾಗಾದ್ರೆ ಇದು ಅಳಿವಿನಂಚಿನ ಗಿಡವಾ?

ಸಸ್ಯಮೇಷ್ಟ್ರು:
ಇಲ್ಲೇ ಗೋಜಲಿರುವುದು. ರಿಂಕೋಸ್ಟೈಲಿಸ್ ರೆಟ್ಯೂಸಾ ಇದರ ಶಾಸ್ತ್ರೀಯ ಹೆಸರು. ಎಲೆಯ ತುದಿ ಇಲಿ ಕಚ್ಚಿದ ಹಾಗೆ ಗೀರಿಕೊಂಡಿರುತ್ತದೆ, ರೆಟ್ಯೂಸಾ ಅಂದರೆ ಅದೇ. ಶ್ರೀಲಂಕಾದಿಂದ ಹಿಡಿದು ನೇಪಾಳ, ಬರ್ಮಾ, ಥಾಯ್ಲೆಂಡ್, ಫಿಲಿಪ್ಪೀನ್ಸ್‌ವರೆಗೆ ಬೆಳೆಯುತ್ತದೆ. ಹಾಗಾಗಿ ಜಗತ್ತಿನ ಲೆಕ್ಕದಲ್ಲಿ ಅಪಾಯದ ಗಿಡ ಅನ್ನಿಸುವುದಿಲ್ಲ. ಆದರೆ ನಿಮ್ಮ ಊರಿನ ರಸ್ತೆಯಲ್ಲಿ ನಾಳೆ ಒಂದೂ ಇರದೇ ಹೋಗಬಹುದು. ಎರಡೂ ನಿಜ.

ಇದಕ್ಕೆ ಪೂರ್ತಿ ಉಲ್ಟಾ ಒಂದು ಗಿಡವಿದೆ. ಕೇರಳ ಮತ್ತು ತಮಿಳುನಾಡಿನ ಗಡಿಯ ಅಗಸ್ತ್ಯಮಲೆ ಕಡೆಯ ಪ್ಯಾಫಿಯೋಪೆಡಿಲಮ್ ಡ್ರೂರಿ. ಹಳದಿ ಹೂ, ಚಪ್ಪಲಿಯಾಕಾರದ ತುಟಿ. ದಕ್ಷಿಣ ಭಾರತಕ್ಕೆ ಇರುವುದು ಈ ಗುಂಪಿನ ಇದೊಂದೇ ಜಾತಿ. ಆ ಬೆಟ್ಟ ಬಿಟ್ಟರೆ ಎಲ್ಲೂ ಇಲ್ಲ. ಸಂಗ್ರಹಕಾರರು ಕಿತ್ತು ಕಿತ್ತು ಸಾಗಿಸಿ ಅದನ್ನು ತೀವ್ರ ಅಪಾಯದ ಪಟ್ಟಿಗೆ ತಂದರು. ಅಲ್ಲಿ ವೈರಿ ಕೀಳುವ ಕೈ. ನಮ್ಮ ಸೀತಾಳೆಗೆ ದೊಡ್ಡ ವೈರಿ ಗರಗಸ.

ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆ 2019ರಲ್ಲಿ ದೇಶದ ಆರ್ಕಿಡ್‌ಗಳ ಸಚಿತ್ರ ಪಟ್ಟಿ ಹೊರತಂದಿತು. ಅದರಲ್ಲಿ 1,256 ಬಗೆ ಇವೆ. 757 ಮರದ ಮೇಲಿನವು, 447 ನೆಲದವು. ನಮ್ಮ ದೇಶ ಬಿಟ್ಟರೆ ಬೇರೆಲ್ಲೂ ಸಿಗದವು 388, ಅದರಲ್ಲಿ 128 ಪಶ್ಚಿಮ ಘಟ್ಟದಲ್ಲಿವೆ. ಅರ್ಧಕ್ಕಿಂತ ಜಾಸ್ತಿ ಆರ್ಕಿಡ್‌ಗಳ ಹಣೆಬರಹ ಮರದ ಜತೆಗೇ ಕಟ್ಟಿದೆ ಅಂತಾಯ್ತಲ್ಲ.

ನಿವೃತ್ತಗಾರ್ಡ್:
ಕಾನೂನಿನ ಬಗ್ಗೆ ಕೇಳಿದ್ದಿರಿ. ಅರಣ್ಯ ಇಲಾಖೆಯಲ್ಲಿ ಇದ್ದವನು ನಾನು, ತಿಳಿದಷ್ಟು ಹೇಳುತ್ತೇನೆ.

ಆರ್ಕಿಡ್ ಕುಟುಂಬ ಇಡಿಯಾಗಿ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದಲ್ಲಿದೆ. ಅದು ದೇಶದ ಗಡಿ ದಾಟುವ ವ್ಯಾಪಾರಕ್ಕೆ. ಶಿರಸಿಯಿಂದ ಬೆಂಗಳೂರಿಗೆ ಬುಟ್ಟಿಯಲ್ಲಿ ಹೋಗುವುದಕ್ಕೆ ಅದು ತಡೆಯಲ್ಲ. 1972ರ ವನ್ಯಜೀವಿ ಕಾಯ್ದೆಗೆ 1991ರಲ್ಲಿ ಗಿಡಗಳ ಪಟ್ಟಿ ಸೇರಿತು. ಆಗ ಸೇರಿದ್ದು ಆರೇ ನಮೂದು. ಆರ್ಕಿಡ್‌ನಲ್ಲಿ ನೀಲಿ ವಾಂಡಾ, ಕೆಂಪು ವಾಂಡಾ ಮತ್ತು ಮೇಷ್ಟ್ರು ಹೇಳಿದ ಚಪ್ಪಲಿ ಹೂವಿನ ಗುಂಪು. ಸೀತಾಳೆಗೆ ಆ ಭಾಗ್ಯ ಬರಲಿಲ್ಲ. 2022ರ ತಿದ್ದುಪಡಿಯಲ್ಲಿ ಸೈಟಿಸ್ ಪಟ್ಟಿಯ ಪ್ರಾಣಿ, ಗಿಡಗಳಿಗೆ ಬೇರೆಯೇ ಅನುಸೂಚಿ ಮಾಡಿದರು.

ನಮಗೆ ದಿನಾ ಬೇಕಾಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆ. ಕಾಡಿನಿಂದ ತಂದರೆ ಹೂವು, ಬಳ್ಳಿ, ಪಾಚಿ ಕೂಡ ಅರಣ್ಯ ಉತ್ಪನ್ನವೇ. ಮೀಸಲು ಅರಣ್ಯದ ಮರದಿಂದ ಮರಬಾಳೆ ಕಿತ್ತರೆ ಕೇಸು ಹಾಕಬಹುದು. ಆದರೆ ನಿಜ ಹೇಳಬೇಕಲ್ಲ. ನನ್ನ ಸರ್ವೀಸಿನಲ್ಲಿ ಶ್ರೀಗಂಧಕ್ಕೆ, ಬೀಟೆಗೆ ಓಡಿದ್ದೇವೆ, ಕಾಡುಹಂದಿ ಉರುಳಿಗೆ ಓಡಿದ್ದೇವೆ. ಮರಬಾಳೆ ಬುಟ್ಟಿ ಹಿಡಿದದ್ದು ಒಂದೇ ಸಲ. ಅದೂ ಮಾರುವವಳು ಅಜ್ಜಿ. ಬೈದು ಕಳಿಸಿದೆವು. ಗಿಡ ಆಫೀಸಿನ ಹಿಂದಿನ ಹಲಸಿಗೆ ಕಟ್ಟಿದೆ, ಇವತ್ತಿಗೂ ಹೂ ಬಿಡುತ್ತದೆ.

ಬೆಟ್ಟದಹಾದಿಯವರೇ, ಒಂದು ಮಾತು. ಬಿದ್ದ ಕೊಂಬೆಯದ್ದಾದರೂ ಕೇಳದೆ ತರಬೇಡಿ. ನಿಮ್ಮ ಉದ್ದೇಶ ಒಳ್ಳೆಯದೇ, ಆದರೆ ಇದೇ ನೆಪದಲ್ಲಿ ನಾಳೆ ಚೀಲ ತುಂಬುವವರು ಬರುತ್ತಾರೆ. ರೇಂಜ್ ಆಫೀಸಿಗೆ ಒಂದು ಅರ್ಜಿ ಕೊಡಿ.

ದಿನಾಓಡಾಡುವವ:
ನಿಮ್ಮೆಲ್ಲರ ಹೂವಿನ ಪ್ರೀತಿ ಚೆನ್ನಾಗಿದೆ. ನಮ್ಮ ಕಡೆ ಕಿರಿದಾದ ತಿರುವಿನಲ್ಲಿ ಬಸ್ಸಿಗೆ ಬೈಕು ಡಿಕ್ಕಿಯಾಗಿ ನಮ್ಮ ಚಿಕ್ಕಪ್ಪನ ಮಗ ಹೋದ. ಹೆರಿಗೆಗೆ ಕರೆದುಕೊಂಡು ಹೋಗುವವರು ಹೊಂಡದಲ್ಲಿ ಸಿಕ್ಕಿಬೀಳುತ್ತಾರೆ. ರಸ್ತೆ ಬೇಡ ಅಂತೀರಾ?

ಬೆಟ್ಟದಹಾದಿ:
ಇಲ್ಲ ಅಣ್ಣ. ರಸ್ತೆ ಬೇಡ ಅಂತ ನಾನು ಎಲ್ಲೂ ಬರೆದಿಲ್ಲ. ನಮ್ಮಮ್ಮನನ್ನು ಹೋದ ವರ್ಷ ಅದೇ ರಸ್ತೆಯಲ್ಲಿ ರಾತ್ರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೇನೆ. ನಾನು ಕೇಳುತ್ತಿರುವುದು ಕಡಿಯುವುದಕ್ಕೆ ಮುಂಚೆ ಒಂದು ವಾರ. ಅಷ್ಟೇ. ಮರ ಹತ್ತಿ ಇಳಿಸಿಕೊಳ್ಳಲು ಸಮಯ ಕೊಟ್ಟರೆ ರಸ್ತೆಯ ಒಂದು ಅಡಿಯೂ ಕಡಿಮೆಯಾಗುವುದಿಲ್ಲ.

ದಿನಾಓಡಾಡುವವ:
ಅಷ್ಟಾದರೆ ನಂದೇನೂ ತಕರಾರಿಲ್ಲ.

ಗುವಾಹಟಿಯಿಂದ:
ಹಾಸನದವಳು, ಕೆಲಸದ ಮೇಲೆ ಆರು ವರ್ಷದಿಂದ ಅಸ್ಸಾಮಿನಲ್ಲಿ ಇದ್ದೇನೆ. ನಿಮ್ಮ ಸೀತಾಳೆ ಇಲ್ಲಿ ಕೊಪೌ ಫೂಲ್. ಅಸ್ಸಾಮಿನ ರಾಜ್ಯ ಪುಷ್ಪ, ಅರುಣಾಚಲದ್ದೂ ಇದೇ. ಏಪ್ರಿಲ್‌ನಲ್ಲಿ ಬಿಹು ಬಂತು ಅಂದರೆ ಕುಣಿಯುವ ಹುಡುಗಿಯರ ತುರುಬಿನಲ್ಲಿ ಇದೇ ಹೂವು. ಮೊದಲ ವರ್ಷ ನೋಡಿದಾಗ ಕಣ್ಣಲ್ಲಿ ನೀರು ಬಂತು. ನಮ್ಮಜ್ಜಿ ಹೇಳುತ್ತಿದ್ದರು, ವನವಾಸದಲ್ಲಿ ಸೀತೆ ಮುಡಿದ ದಂಡೆ ಇದು ಅಂತ. ಮರಾಠಿಯವರೂ ಸೀತೆಯ ವೇಣಿ ಅಂತಲೇ ಕರೆಯುತ್ತಾರೆ. ಮೂರು ಸಾವಿರ ಕಿಲೋಮೀಟರ್ ದೂರದಲ್ಲೂ ಹೆಂಗಸರ ಕೈ ಅದೇ ಕಡೆ ಹೋಗಿದೆ!

ಇಲ್ಲೂ ಹಬ್ಬದ ಹೊತ್ತಿಗೆ ಮರದ ಹೂವಿಗೆ ಬೇಡಿಕೆ ಜಾಸ್ತಿ. ಈಗ ಮಾರ್ಕೆಟ್ಟಿನಲ್ಲಿ ಬಟ್ಟೆಯದು, ಪ್ಲಾಸ್ಟಿಕ್ಕಿನದು ರಾಶಿ ರಾಶಿ. ವೇದಿಕೆಯಲ್ಲಿ ಕುಣಿಯುವವರು ಜಾಸ್ತಿ ಅದನ್ನೇ ಮುಡಿಯುತ್ತಾರೆ. ಪ್ಲಾಸ್ಟಿಕ್ ಹೂವನ್ನು ಹೊಗಳುವ ದಿನ ಬರುತ್ತೆ ಅಂದುಕೊಂಡಿರಲಿಲ್ಲ. ಮೇಷ್ಟ್ರೇ, ಹೂವಿನ ದಂಡೆ ಮಾತ್ರ ಕಿತ್ತರೆ ಗಿಡ ಸಾಯುತ್ತಾ?

ಸಸ್ಯಮೇಷ್ಟ್ರು:
ಗಿಡ ಸಾಯುವುದಿಲ್ಲಮ್ಮ. ಆ ವರ್ಷದ ಬೀಜ ಹೋಗುತ್ತದೆ. ಹಿತ್ತಲ ಮರದಿಂದ ಒಂದು ದಂಡೆ ಕಿತ್ತು ಮುಡಿದರೆ ಆಕಾಶ ಬೀಳುವುದಿಲ್ಲ. ಹೂವಿನ ಜತೆ ಗಿಡವನ್ನೇ ಎಳೆಯುವುದು ಕೆಟ್ಟದ್ದು. ಇದು ಒಂದೇ ಕಾಂಡದ ಗಿಡ, ಮೇಲಕ್ಕೆ ಮಾತ್ರ ಬೆಳೆಯುತ್ತದೆ. ನೆತ್ತಿ ಮುರಿದರೆ ಪಕ್ಕದಲ್ಲಿ ಚಿಗುರಿದರೆ ಪುಣ್ಯ.

ಮೂಡಿಗೆರೆಕಾಫಿ:
ಬೆಟ್ಟದಹಾದಿಯವರೇ, ನಿಮ್ಮ ಕಡೆ ಸೊಪ್ಪಿನ ಬೆಟ್ಟ ಇದೆಯಲ್ಲ. ಅಲ್ಲಿ ಹೇಗೆ? ವರ್ಷ ವರ್ಷ ಸೊಪ್ಪು ಕಡಿದರೆ ಅಲ್ಲೂ ನಮ್ಮ ಮರಗಸಿ ಕಥೆಯೇ ಅಲ್ವಾ?

ಬೆಟ್ಟದಹಾದಿ:
ಅರ್ಧ ಹೌದು. ಹಿಂದೆ ಅಡಿಕೆ ತೋಟದ ಒಂದು ಎಕರೆಗೆ ಒಂಬತ್ತು ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟಿದ್ದರು. ಸೊಪ್ಪು, ದರಕು (ಉದುರಿದ ಒಣ ಎಲೆ) ತರಲಿಕ್ಕೆ. ಸೊಪ್ಪು ಕಡಿಯುವವರು ತುದಿಯ ಹರೆ ಕಡಿಯುತ್ತಾರೆ, ದೊಡ್ಡ ಕವಲು ಬಿಡುತ್ತಾರೆ. ಬೆಟ್ಟದ ಮರಗಳು ಬೋಳು ತಲೆಯ ಹಾಗೆ ಕಂಡರೂ ಕವಲಿನಲ್ಲಿ ಮರಬಾಳೆ ಇರುತ್ತದೆ. ಬಿಸಿಲು ಜಾಸ್ತಿ ಬೀಳುವುದರಿಂದ ಸೀತಾಳೆ ಅಲ್ಲಿ ಚೆನ್ನಾಗಿಯೇ ಹೂ ಬಿಡುತ್ತದೆ, ನಾನು ನೋಡಿದ ಮಟ್ಟಿಗೆ. ಬೇಸಿಗೆಯ ಬೆಂಕಿ ಮೇಲಕ್ಕೆ ಹತ್ತಿದ ವರ್ಷ ಮಾತ್ರ ಎಲ್ಲ ಸುಟ್ಟು ಕರಕಲು.

ಬಾಲ್ಕನಿತೋಟ:
ಬೆಟ್ಟದಹಾದಿಯವರೇ, ಬಿದ್ದ ಮರದ ಗಿಡಗಳನ್ನು ಮೊದಲೂ ಬೇರೆ ಮರಕ್ಕೆ ಕಟ್ಟಿದ್ದೀರಾ? ಎಷ್ಟು ಬದುಕಿದವು? ಹೇಗೆ ಕಟ್ಟಿದಿರಿ ಅಂತ ಸ್ವಲ್ಪ ಬಿಡಿಸಿ ಹೇಳಿ. ನನ್ನ ಎರಡು ಗಿಡದ ಪಾಪ ಇನ್ನೂ ಇದೆ.

ಬೆಟ್ಟದಹಾದಿ:
ಹೋದ ಮಳೆಗಾಲದಲ್ಲಿ ಗಾಳಿಗೆ ಬಿದ್ದ ಹಲಸಿನಿಂದ 11 ತಂದು ಕಟ್ಟಿದೆ. ಏಳು ಬದುಕಿವೆ. ಎರಡನ್ನು ಮಂಗ ಕಿತ್ತು ಎಸೆದವು, ಅದಕ್ಕೇನು ಆಟವೋ. ಎರಡು ನನ್ನ ತಪ್ಪಿನಿಂದ ಹೋದವು. ಪ್ಲಾಸ್ಟಿಕ್ ದಾರದಲ್ಲಿ ಕಾಂಡಕ್ಕೇ ಬಿಗಿದಿದ್ದೆ. ದಾರ ಒಳಗೆ ಕೊಯ್ದುಕೊಂಡು ಹೋಯ್ತು.

ಈಗ ಹೀಗೆ ಮಾಡುತ್ತೇನೆ. ಗಿಡವನ್ನು ಎಳೆಯುವುದಿಲ್ಲ. ಬೇರಿನ ಅಡಿಯ ತೊಗಟೆಯನ್ನೇ ಕತ್ತಿಯಲ್ಲಿ ಎಬ್ಬಿಸಿ ತೊಗಟೆ ಸಮೇತ ತೆಗೆಯುತ್ತೇನೆ. ಅದೇ ಜಾತಿಯ ಮರ ಹತ್ತಿರದಲ್ಲಿ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಒರಟು ತೊಗಟೆಯ ಮಾವು, ಹಲಸು. ನಂದಿ, ಪೇರಲೆ ಬೇಡ. ಅವು ಸಿಪ್ಪೆ ಉದುರಿಸುವಾಗ ಗಿಡವನ್ನೂ ಉದುರಿಸುತ್ತವೆ. ಬೇರಿನ ಬುಡಕ್ಕೆ ಹಳೇ ಪಂಚೆಯ ಪಟ್ಟಿ, ಅದರ ಮೇಲೆ ಬಾಳೆಪಟ್ಟೆ ಸುತ್ತಿ ಕಟ್ಟುತ್ತೇನೆ. ವರ್ಷದಲ್ಲಿ ಅದು ತಾನೇ ಕರಗುತ್ತದೆ, ಅಷ್ಟರಲ್ಲಿ ಹೊಸ ಬೇರು ಹಿಡಿದಿರುತ್ತದೆ. ಗಿಡ ಸ್ವಲ್ಪ ಓರೆಯಾಗಿರಲಿ, ನೆತ್ತಿಯಲ್ಲಿ ನೀರು ನಿಂತರೆ ಕೊಳೆಯುತ್ತದೆ. ಪಡುವಣದ ಬಿಸಿಲು ನೇರ ಹೊಡೆಯಬಾರದು. ಮಣ್ಣು, ಗೊಬ್ಬರ ಏನೂ ಇಲ್ಲ. ಜೂನ್ ಮೊದಲ ಮಳೆ ಬಿದ್ದ ವಾರ ಕಟ್ಟಿದರೆ ನಾವು ನೀರು ಹಾಕುವ ಕೆಲಸವೂ ಇಲ್ಲ.

ಕಟ್ಟಿ ಎರಡು ತಿಂಗಳಿಗೆ ಒಂದರ ಬೇರಿನ ತುದಿ ಹಸಿರಾಗಿ ಬೆಂಕಿಕಡ್ಡಿ ತಲೆಯಷ್ಟು ಮುಂದೆ ಬಂದಿತ್ತು. ಹೆಂಡತಿಯನ್ನು ಕರೆದು ತೋರಿಸಿದೆ. ಅಡಿಕೆ ಒಣಗಿಸುವುದು ಬಿಟ್ಟು ಇದನ್ನು ತೋರಿಸಲಿಕ್ಕೆ ಕರೆದಿರಾ ಅಂದಳು.

ಸಸ್ಯಮೇಷ್ಟ್ರು:
ಚೆನ್ನಾಗಿದೆ. ಒಂದು ಸೇರಿಸುತ್ತೇನೆ. ಗಿಡ ಕಟ್ಟಿದ ಮರ, ದಿನಾಂಕ, ಯಾವ ಮರದಿಂದ ಬಂತು ಎಲ್ಲ ಬರೆದಿಡಿ. ಪಂಚಾಯ್ತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಊರಿನ ಗಿಡಮರ, ಜೀವಿಗಳ ದಾಖಲೆ ಇಡುವುದು ಅದರ ಕೆಲಸ. ಎಷ್ಟೋ ಕಡೆ ಆ ಪುಸ್ತಕ ಬೀರುವಿನಲ್ಲಿ ಮಲಗಿದೆ. ನಿಮ್ಮದು ಮರ 212, 14 ಬುಡ ಅಂತ ಅಲ್ಲಿ ಬರೆಸಿ.

ನಿವೃತ್ತಗಾರ್ಡ್:
ಇನ್ನೊಂದು. 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ 50ಕ್ಕಿಂತ ಜಾಸ್ತಿ ಮರ ಕಡಿಯುವುದಿದ್ದರೆ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಆ ಕಾಯ್ದೆ ಅನ್ವಯಿಸುವ ಕಡೆ ಪ್ರಕಟಣೆ ಬಂದಾಗ ಎಲ್ಲರೂ 'ಮರ ಕಡಿಯಬೇಡಿ' ಅಂತ ಒಂದೇ ಸಾಲು ಬರೆಯುತ್ತಾರೆ. ಆಫೀಸರು ಫೈಲಿಗೆ ಸೇರಿಸಿ ಮುಂದೆ ಹೋಗುತ್ತಾರೆ. 'ಕಡಿಯುವ ಮುಂಚೆ ಇಷ್ಟನೇ ನಂಬರಿನ ಮರದಿಂದ ಆರ್ಕಿಡ್ ಇಳಿಸಲು ಏಳು ದಿನ ಕೊಡಿ' ಅಂತ ಬರೆದರೆ ಉತ್ತರ ಕೊಡಲೇಬೇಕಾದ ಇಕ್ಕಟ್ಟು. ಕೇಳುವುದು ಸಣ್ಣದಾಗಿರಲಿ, ನಂಬರ್ ಸಮೇತ ಇರಲಿ.

ಬೆಟ್ಟದಹಾದಿ:
ಇವತ್ತಿನ ಸುದ್ದಿ. ಅರ್ಜಿ ಕೊಟ್ಟು ಬಂದೆ. ಮೊದಲು ತಂದ ಒಂಬತ್ತು ಬುಡದ ವಿಷಯವನ್ನೂ ಬರೆದುಕೊಟ್ಟೆ, ಬೈಸಿಕೊಂಡೆ. ನಿನ್ನೆ ಸಂಜೆ ನಾನು, ಹೈಸ್ಕೂಲಿನ ನಾಲ್ಕು ಹುಡುಗರು ಬೈನಾಕ್ಯುಲರ್ ಹಿಡಿದು ಉಳಿದ ಮರ ಎಣಿಸಿದೆವು. 96 ಮರದಲ್ಲಿ 31ರ ಮೇಲೆ ಮರಬಾಳೆ ಇದೆ. ಹುಡುಗರಿಗೆ ಬಂದಳಿಕೆ ಯಾವುದು, ಮರಬಾಳೆ ಯಾವುದು ಅಂತ ಹತ್ತೇ ನಿಮಿಷದಲ್ಲಿ ಗೊತ್ತಾಯ್ತು. ಪಟ್ಟಿ ಅರ್ಜಿಗೆ ಲಗತ್ತಿಸಿದ್ದೆ. ಅಲ್ಲಿದ್ದವರು ಎರಡು ಸಲ ಓದಿ, ಭಾನುವಾರ ಇಳಿಸಿಕೊಳ್ಳಿ, ನಮ್ಮ ಒಬ್ಬರು ಜತೆಗಿರುತ್ತಾರೆ, ಸೋಮವಾರದಿಂದ ಕೆಲಸ ನಿಲ್ಲಿಸಲು ಆಗುವುದಿಲ್ಲ ಅಂದರು. ಒಂದು ವಾರ ಕೇಳಿದ್ದೆ, ಒಂದು ದಿನ ಸಿಕ್ಕಿತು. ಮರ ಹತ್ತುವವರು ಇಬ್ಬರು ಇದ್ದಾರೆ. 31 ಮರಕ್ಕೆ ಸಾಲುವುದಿಲ್ಲ.

ದಿನಾಓಡಾಡುವವ:
ನಮ್ಮ ಅಡಿಕೆ ಕೊಯ್ಯುವ ಕೊನೆಗೌಡನನ್ನು ಕರೆದುಕೊಂಡು ಬರುತ್ತೇನೆ. ಏಣಿ ನನ್ನ ಹತ್ತಿರ ಇದೆ. ಎಷ್ಟು ಗಂಟೆಗೆ?

ಬೆಟ್ಟದಹಾದಿ:
ಬೆಳಿಗ್ಗೆ ಏಳಕ್ಕೆ, ಬಸ್ ಸ್ಟಾಪಿನ ಹತ್ತಿರ. ಮಾವಿನ ಮರ ಇತ್ತಲ್ಲ, ಅಲ್ಲಿ. ಬಾಳೆಪಟ್ಟೆ ನಾನು ತರುತ್ತೇನೆ, ಹಳೇ ಪಂಚೆ ಇದ್ದರೆ ತನ್ನಿ.